ಚಿಯಾಂಗ್ ಮಾಯ್‌ನ ಭಾನುವಾರದ ಸಂತೆಯಲ್ಲಿ ತಿನ್ನುವುದು ಹೇಗೆ

ಮೊದಲ ಭಾನುವಾರ ನಾನು ಏನೂ ತಿನ್ನದೆ ಮನೆಗೆ ಬಂದಿದ್ದೆ. ಮಗಳು ಚಿಯಾಂಗ್ ಮಾಯ್‌ಗೆ ಕೆಲಸಕ್ಕೆ ಹೋದ ವರ್ಷ ಅದು. ಸಾಗರದ ಹತ್ತಿರದ ಹಳ್ಳಿಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತಳಾದವಳು ನಾನು; ಮೊಟ್ಟೆಯನ್ನೂ ಮುಟ್ಟದ ಮನೆಯವಳು. ಬೀದಿಯ ತುಂಬ ಸುಡುವ ಮಾಂಸದ ಹೊಗೆ, ಅದರ ಮೇಲೆ ಮೀನಿನ ವಾಸನೆ. ಅದನ್ನು ದಾಟಿ ಒಳಗೆ ಏನಿದೆ ಎಂದು ನೋಡುವ ಧೈರ್ಯ ಬರಲಿಲ್ಲ. ಆಮೇಲೆ ಮೂರು ಸಲ ಹೋಗಿ ಪ್ರತಿ ಸಲವೂ ಒಂದೆರಡು ತಿಂಗಳು ಇದ್ದು ಬಂದೆ. ಈಗ ಅದೇ ಬೀದಿಗೆ ಹಸಿದುಕೊಂಡೇ ಹೋಗುತ್ತೇನೆ. ನಮ್ಮ ಕಡೆಯವರು ಚೀಲದ ತುಂಬ ಚಪಾತಿ, ಚಟ್ನಿಪುಡಿ ತುಂಬಿಕೊಂಡು ಥಾಯ್ಲೆಂಡಿಗೆ ಹೋಗಿ, ಅದನ್ನೇ ತಿಂದು ವಾಪಸು ಬರುವುದನ್ನು ನೋಡಿದಾಗೆಲ್ಲ ಸಂಕಟವಾಗುತ್ತದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ಒಂದೇ ಸಂತೆಯ ವಿಷಯ. ಚಿಯಾಂಗ್ ಮಾಯ್ ಉತ್ತರ ಥಾಯ್ಲೆಂಡಿನ ಹಳೆಯ ರಾಜಧಾನಿ; ರಾಜ ಮಂಗ್ರಾಯ್ 1296ರಲ್ಲಿ ಕಟ್ಟಿಸಿದ ಊರು. ಹಳೇ ಪೇಟೆಯ ನಾಲ್ಕೂ ಕಡೆ ಚೌಕಾಕಾರದ ಕಂದಕ ಇದೆ, ಪೂರ್ವಕ್ಕೆ ಥಾ ಪೇ ಬಾಗಿಲು. ಆ ಬಾಗಿಲಿಂದ ಪಶ್ಚಿಮಕ್ಕೆ ವಾತ್ ಪ್ರಾ ಸಿಂಗ್ ದೇವಾಲಯದ ಕಡೆಗೆ ಹೋಗುವ ರಾಚದಮ್ನೋನ್ ರಸ್ತೆಯನ್ನು ಪ್ರತಿ ಭಾನುವಾರ ಸಂಜೆ ವಾಹನಗಳಿಗೆ ಮುಚ್ಚುತ್ತಾರೆ. ಸುಮಾರು ಒಂದು ಕಿಲೋಮೀಟರ್ ಉದ್ದ. ನಡುಬೀದಿಯಲ್ಲಿ ಬಟ್ಟೆ, ಬುಟ್ಟಿ, ಕೊಡೆ, ಮರದ ಕೆತ್ತನೆ. ತಿಂಡಿಯ ಅಂಗಡಿಗಳು ಹೆಚ್ಚಾಗಿ ಅಕ್ಕಪಕ್ಕದ ದೇವಾಲಯಗಳ ಅಂಗಳದಲ್ಲಿ. ಇದು ಗೊತ್ತಿಲ್ಲದವರು ರಸ್ತೆಯಲ್ಲೇ ನೂಕಿಸಿಕೊಂಡು ಹೋಗಿ, ತಿನ್ನಲು ಏನೂ ಸಿಗಲಿಲ್ಲ ಎನ್ನುತ್ತಾರೆ. ಥಾ ಪೇ ಕಡೆಯಿಂದ ಬಂದರೆ ಮೊದಲಿಗೇ ಸಿಗುವ ವಾತ್ ಪಾನ್ ಓನ್‌ನ ಅಂಗಳಕ್ಕೆ ಹೊಕ್ಕುಬಿಡಿ. ಚಿನ್ನದ ಬಣ್ಣದ ಸ್ತೂಪ, ಅದರ ಸುತ್ತ ಒಲೆಗಳು, ಕೂರಲು ಬೆಂಚು. ನಮ್ಮ ರಥಬೀದಿಯ ಜಾತ್ರೆ ಕಂಡವರಿಗೆ ಇದು ಹೊಸ ಊರು ಅನ್ನಿಸುವುದೇ ಇಲ್ಲ.

ಐದು ಗಂಟೆಗೆ ಹೋಗಿ. ಏಳರ ಮೇಲೆ ಹೆಜ್ಜೆ ಇಡಲು ಜಾಗ ಇರುವುದಿಲ್ಲ. ಐದಕ್ಕೆ ಹೋದರೆ ಇನ್ನೊಂದು ಅನುಕೂಲ: ಒಲೆಗಳು ಆಗ ತಾನೇ ಹೊತ್ತಿರುತ್ತವೆ, ಎಣ್ಣೆ ಹೊಸದಾಗಿರುತ್ತದೆ, ಮಾಡುವವರಿಗೂ ನಿಮ್ಮ ಜೊತೆ ಎರಡು ಮಾತಾಡಲು ಪುರಸೊತ್ತು ಇರುತ್ತದೆ. ಆರು ಗಂಟೆಗೆ ಧ್ವನಿವರ್ಧಕದಲ್ಲಿ ಅವರ ರಾಷ್ಟ್ರಗೀತೆ ಬರುತ್ತದೆ. ಅಷ್ಟು ದೊಡ್ಡ ಜಂಗುಳಿ ಇದ್ದಲ್ಲೇ ನಿಲ್ಲುತ್ತದೆ. ಸೌಟು ಕೂಡ ನಿಲ್ಲುತ್ತದೆ. ನೀವೂ ನಿಲ್ಲಿ, ಬಾಯಲ್ಲಿ ತುತ್ತಿದ್ದರೆ ನುಂಗಿಕೊಂಡು ಸುಮ್ಮನಿರಿ. ಗೀತೆ ಮುಗಿದ ಕ್ಷಣವೇ ಸಂತೆ ಮೊದಲಿನಂತೆ ಹರಿಯುತ್ತದೆ. ಆ ಒಂದು ನಿಮಿಷಕ್ಕಾಗಿಯೇ ನಾನು ಆರರ ಒಳಗೆ ಅಲ್ಲಿರುತ್ತೇನೆ.

ಹೋಗಿದ್ದೇ ತಡ ಕೊಳ್ಳಲು ಶುರು ಮಾಡಬೇಡಿ. ಒಂದು ಸುತ್ತು ಬರೀ ನೋಡಿ. ಅಂಗಡಿಯ ಫಲಕ ನಿಮಗೆ ಓದಲು ಬರುವುದಿಲ್ಲ, ಹಾಗಾಗಿ ಮಾಡುವವರ ಕೈ ನೋಡಿ: ಏನು ಸುರಿಯುತ್ತಾರೆ, ಯಾವ ಬಾಟಲಿ ಎತ್ತುತ್ತಾರೆ, ಒಂದೇ ಇಕ್ಕಳದಲ್ಲಿ ಏನೇನು ತಿರುವುತ್ತಾರೆ. ಹತ್ತು ನಿಮಿಷ ನಿಂತು ನೋಡಿದರೆ ಯಾವುದು ನಿಮ್ಮ ಹೊಟ್ಟೆಯದು, ಯಾವುದು ಅಲ್ಲ ಎಂದು ಅರ್ಧ ತಿಳಿದುಬಿಡುತ್ತದೆ.

ಸಸ್ಯಾಹಾರಿಗಳಿಗೆ ನಾನು ಹೇಳಬೇಕಾದ ಮುಖ್ಯ ಮಾತು ಇದು. ಮಾಂಸದ ಅಡುಗೆಯವರ ಹತ್ತಿರ ಹೋಗಿ ‘ಅದು ಹಾಕಬೇಡಿ, ಇದು ಹಾಕಬೇಡಿ’ ಎಂದು ಕೇಳಿ ತಿನ್ನುವುದಕ್ಕಿಂತ, ಮೊದಲಿಂದಲೇ ಸಸ್ಯಾಹಾರವಾಗಿರುವ ತಿಂಡಿಯನ್ನು ಹುಡುಕಿಕೊಂಡು ಹೋಗಿ. ಇದನ್ನು ನಾನು ಸೋಮ್ ತಮ್ ಅಂಗಡಿಯಲ್ಲಿ ಕಲಿತೆ. ಸೋಮ್ ತಮ್ ಅಂದರೆ ಹಸಿ ಪಪ್ಪಾಯಿಯನ್ನು ಎಳೆಎಳೆಯಾಗಿ ಹೆರೆದು, ಮೆಣಸಿನಕಾಯಿ, ಬೆಳ್ಳುಳ್ಳಿ, ತಾಳೆಬೆಲ್ಲ, ನಿಂಬೆ, ಅಲಸಂದೆಕಾಯಿ, ಟೊಮೆಟೊ, ನೆಲಗಡಲೆ ಸೇರಿಸಿ ಒರಳಿನಲ್ಲಿ ಮೆಲ್ಲಗೆ ಕುಟ್ಟುವುದು. ಕೇಳಿದರೇ ಬಾಯಲ್ಲಿ ನೀರು. ಅದಕ್ಕೆ ಬಾಟಲಿಯಿಂದ ಸುರಿಯುವ ಮೀನಿನ ಸಾರ ಬೇಡ ಎಂದು ಬಾಯಿಪಾಠ ಮಾಡಿಕೊಂಡು ಹೋಗಿ ಹೇಳಿದೆ. ಆಕೆ ನಗುತ್ತಾ ತಲೆ ಆಡಿಸಿ, ಬಾಟಲಿಯನ್ನು ಬದಿಗಿಟ್ಟು, ಒಂದು ಹಿಡಿ ಒಣ ಸಿಗಡಿಯನ್ನು ಒರಳಿಗೆ ಹಾಕಿದಳು. ಅವಳದ್ದೇನೂ ತಪ್ಪಿಲ್ಲ, ನಾನು ಬೇಡ ಅಂದದ್ದು ಬಾಟಲಿಯ ಸಾರವನ್ನು, ಅದನ್ನು ಅವಳು ಹಾಕಿರಲಿಲ್ಲ. ದುಡ್ಡು ಕೊಟ್ಟು, ಆ ಪೊಟ್ಟಣವನ್ನು ಅಳಿಯನಿಗೆ ದಾಟಿಸಿದೆ. ಒಂದು ವೇಳೆ ಸಿಗಡಿಯನ್ನೂ ಬಿಟ್ಟಿದ್ದರೂ ಒರಳು ಅದೇ, ಒನಕೆ ಅದೇ. ಪಟ್ ಥಾಯ್ ಎಂಬ ಹುರಿದ ಶಾವಿಗೆಯದೂ ಇದೇ ಕತೆ: ಹುಣಸೆ, ಬೆಲ್ಲದ ಜೊತೆಗೆ ಮೀನಿನ ಸಾರ ಇದ್ದೇ ಇರುತ್ತದೆ. ಬರೀ ತರಕಾರಿ ಹಾಕಿದ್ದೆಂದು ಅವರ ಹಸಿರು ಸಾರನ್ನು (ಗ್ರೀನ್ ಕರಿ) ನಂಬಬೇಡಿ. ಅದರ ಮಸಾಲೆ ಅರೆಯುವಾಗಲೇ ಸಾಮಾನ್ಯವಾಗಿ ಸಿಗಡಿಯ ಮುದ್ದೆ ಸೇರಿರುತ್ತದೆ.

ಹಾಗಾದರೆ ಏನು ತಿನ್ನುವುದು? ಬೇಕಾದಷ್ಟಿದೆ.

ಖನೋಮ್ ಖ್ರೋಕ್‌ನಿಂದ ಶುರು ಮಾಡಿ. ದೂರದಿಂದಲೇ ಗುರುತು ಸಿಗುತ್ತದೆ, ಯಾಕೆಂದರೆ ಅದು ನಮ್ಮ ಪಡ್ಡಿನ ಕಾವಲಿ. ಗುಳಿಗುಳಿಯ ಕಬ್ಬಿಣದ ಕಾವಲಿ, ಕೆಳಗೆ ಒಲೆ. ಮೊದಲ ಸಲ ಕಂಡಾಗ ನಮ್ಮ ಅಟ್ಟದ ಮೇಲಿನ ಅಮ್ಮನ ಕಾವಲಿಯೇ ಅಲ್ಲಿಗೆ ಬಂದುಬಿಟ್ಟಿದೆ ಅನ್ನಿಸಿ ಅಲ್ಲೇ ನಿಂತುಬಿಟ್ಟೆ. ಗುಳಿಗೆ ಎಣ್ಣೆ ಸವರಿ, ಅಕ್ಕಿಹಿಟ್ಟು ಕಾಯಿಹಾಲು ಕಲಸಿದ ತೆಳು ಹಿಟ್ಟು ಹೊಯ್ಯುತ್ತಾರೆ. ಅಂಚು ಗಟ್ಟಿಯಾಗುತ್ತಿದ್ದಂತೆ ಮೇಲೆ ಉಪ್ಪು, ಸಕ್ಕರೆ ಹಾಕಿದ ದಪ್ಪ ಕಾಯಿಹಾಲು. ಅದರ ಮೇಲೆ ಜೋಳದ ಕಾಳು, ಕೆಸುವಿನ ಗಡ್ಡೆ ಅಥವಾ ಈರುಳ್ಳಿಸೊಪ್ಪು ಉದುರಿಸಿ ಮುಚ್ಚಳ ಮುಚ್ಚುತ್ತಾರೆ. ನಮ್ಮ ಹಾಗೆ ಮಗುಚಿ ಹಾಕುವುದಿಲ್ಲ. ತಳ ಗರಿಗರಿ, ನಡು ಇನ್ನೂ ನಡುಗುವ ಹದ. ಆಗ ಎಬ್ಬಿಸಿ ಎರಡೆರಡನ್ನು ಜೋಡಿ ಮಾಡಿ ಕೊಡುತ್ತಾರೆ. ನಾನು ಒಂದು ಪೊಟ್ಟಣಕ್ಕೆ 20ರಿಂದ 30 ಬಾತ್ ಕೊಟ್ಟಿದ್ದೇನೆ. ಆಗ ಒಂದು ಬಾತ್ ಅಂದರೆ ಎರಡೂವರೆ ರೂಪಾಯಿಯ ಆಸುಪಾಸು ಇತ್ತು. ಒಂದು ಎಚ್ಚರಿಕೆ: ನಡುವಿನ ಕಾಯಿಹಾಲು ಕೆಂಡದ ಹಾಗೆ ಬಿಸಿ ಇರುತ್ತದೆ. ಮೇಲೆ ಆರಿದಂತೆ ಕಂಡರೂ ಮೋಸ ಹೋಗದೆ ಎರಡು ನಿಮಿಷ ತಡೆಯಿರಿ. ತೀರಾ ಆರಿಸಿದರೆ ಗರಿ ಹೋಗುತ್ತದೆ, ಆಗ ತಿಂದು ಪ್ರಯೋಜನವಿಲ್ಲ. ಪಕ್ಕದಲ್ಲೇ ಅಂಥದೇ ಕಾವಲಿಯಲ್ಲಿ ಪುಟ್ಟ ಮೊಟ್ಟೆ ಒಡೆದು ಹಾಕುತ್ತಿದ್ದರೆ ಅದು ಲಾವಕ್ಕಿಯ ಮೊಟ್ಟೆ, ಬೇರೆ ತಿಂಡಿ. ಕಾವಲಿ ನೋಡಿ ಸರತಿಯಲ್ಲಿ ನಿಲ್ಲಬೇಡಿ, ಹಿಟ್ಟು ನೋಡಿ ನಿಲ್ಲಿ.

ಆಮೇಲೆ ಕೆಂಡದ ಮೇಲೆ ಸುಟ್ಟದ್ದು. ಸಣ್ಣ ಬಾಳೆಹಣ್ಣನ್ನು ಸುಟ್ಟು ಚಪ್ಪಟೆ ಮಾಡಿ ಬೆಲ್ಲದ ಪಾಕ ಹಾಕಿಕೊಡುತ್ತಾರೆ. ಗೆಣಸು, ಜೋಳದ ತೆನೆ. ತೆನೆಗೆ ಉಪ್ಪು ಬೆರೆಸಿದ ಕಾಯಿಹಾಲು ಸವರುವವರು ಸಿಕ್ಕರೆ ಬಿಡಬೇಡಿ. ಅಣಬೆಯನ್ನು ಕಡ್ಡಿಗೆ ಚುಚ್ಚಿ ಸುಡುವವರ ಹತ್ತಿರ ಮಾತ್ರ ಎರಡು ಸಂಗತಿ ನೋಡಿಕೊಳ್ಳಿ: ಅದೇ ಜಾಲರಿಯ ಮೇಲೆ ಮಾಂಸ ಇದೆಯೇ, ಅಣಬೆಗೆ ಸವರುವ ಸಾರ ಯಾವುದು.

ಮಾವಿನಹಣ್ಣು, ಅಂಟಕ್ಕಿಯ ಅನ್ನದ ಬಗ್ಗೆ ಎಲ್ಲರೂ ಕೇಳಿರುತ್ತೀರಿ. ಖಾವ್ ನಿಯಾವ್ ಮಮುವಾಂಗ್. ಅಂಟಕ್ಕಿಯನ್ನು ಗಂಟೆಗಟ್ಟಲೆ ನೆನೆಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಸಕ್ಕರೆ, ಉಪ್ಪು ಹಾಕಿದ ಕಾಯಿಹಾಲು ಕುಡಿಸುತ್ತಾರೆ. ಮೇಲೆ ಗರಿಗರಿ ಹೆಸರುಬೇಳೆ. ಹಾಲಿಲ್ಲ, ಮೊಟ್ಟೆಯಿಲ್ಲ, ಪೂರ್ತಿ ನಮ್ಮದೇ. ಆದರೆ ಇದು ನಿಜವಾಗಿ ರುಚಿಸುವುದು ಮಾವಿನ ಕಾಲದಲ್ಲಿ, ಮಾರ್ಚ್‌ನಿಂದ ಮೇ ತನಕ. ಡಿಸೆಂಬರಿನಲ್ಲೂ ಮಾರುತ್ತಾರೆ, ತಿಂದೂ ನೋಡಿದ್ದೇನೆ, ಆ ಹಣ್ಣಿನಲ್ಲಿ ಜೀವ ಇರಲಿಲ್ಲ. ಏಪ್ರಿಲ್‌ನಲ್ಲಿ ‘ನಾಮ್ ದೋಕ್ ಮಾಯ್’ ಎಂಬ ನೀಳ ಹಳದಿ ಹಣ್ಣು ತಿಂದ ಮೇಲೆ ಅವರು ಅದನ್ನು ಅಷ್ಟು ಹೊಗಳುವುದು ಯಾಕೆಂದು ಅರ್ಥವಾಯಿತು. ಅದೇ ತಿಂಗಳು ಅವರ ಹೊಸ ವರ್ಷ ಸೋಂಗ್‌ಕ್ರಾನ್. 13ರಿಂದ 15ರವರೆಗೆ, ನಮ್ಮ ಕರಾವಳಿಯ ಬಿಸು ಬರುವ ಹೊತ್ತಿಗೇ. ಸೋಂಗ್‌ಕ್ರಾನ್ ಅಂದರೆ ಸಂಕ್ರಾಂತಿ ತಾನೇ! ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಆ ಕಡೆ ಗದ್ದೆ, ಕಾಡಿಗೆ ಬೆಂಕಿ ಹಾಕಿದ ಹೊಗೆ ಊರಿನ ಮೇಲೆ ಕೂತಿರುತ್ತದೆ. ಉಬ್ಬಸ ಇರುವವರು ಮಾವಿನ ಆಸೆ ಬಿಟ್ಟು ನವೆಂಬರಿನಿಂದ ಜನವರಿಯೊಳಗೆ ಹೋಗುವುದೇ ಒಳ್ಳೆಯದು.

ರೋಟಿ ಅಂಗಡಿಯಲ್ಲಿ ಸ್ವಲ್ಪ ಎಚ್ಚರ. ಹೆಸರು ನಮ್ಮದೇ, ಮಾಡುವ ಚಂದವೂ ಪರೋಟದ್ದೇ: ಹಿಟ್ಟನ್ನು ಬೀಸಿ ಬೀಸಿ ತೆಳು ಮಾಡಿ ಕಾವಲಿಗೆ ಹಾಕುತ್ತಾರೆ, ಒಳಗೆ ಬಾಳೆಹಣ್ಣು, ಮೇಲೆ ಗಟ್ಟಿ ಹಾಲು. ಕೇಳದೆಯೇ ಮೊಟ್ಟೆ ಒಡೆದು ಹಾಕುವುದುಂಟು, ಕೆಲವರು ಹಿಟ್ಟು ಕಲಸುವಾಗಲೇ ಹಾಕಿರುತ್ತಾರೆ. ಹಾಗೆಯೇ ತೆಳ್ಳಗೆ ತೊಡೆದು ಮಡಿಸಿದ, ನಮ್ಮ ತೊಡೆದೇವನ್ನು ನೆನಪಿಸುವ ಪುಟ್ಟ ದೋಸೆಗಳು: ಖನೋಮ್ ಬುವಾಂಗ್. ಒಳಗಿನ ಬಿಳಿ ನೊರೆಯಲ್ಲಿ ಮೊಟ್ಟೆಯ ಬಿಳಿ, ಮೇಲಿನ ಹೊಂಬಣ್ಣದ ಎಳೆಗಳು ಮೊಟ್ಟೆಯ ಹಳದಿ. ಮೊಟ್ಟೆ ತಿನ್ನುವವರು ಖಂಡಿತ ತಿನ್ನಿ, ಕೇಸರಿ ಎಳೆ ಎಂದುಕೊಂಡು ನಮ್ಮಂಥವರು ಕೈ ಹಾಕಬೇಡಿ.

ಊಟದಂಥ ಊಟವೇ ಬೇಕೆಂದರೆ ಹಳದಿ ಬಾವುಟ ಹುಡುಕಿ. ಹಳದಿಯ ಮೇಲೆ ಕೆಂಪಕ್ಷರ, ನೋಡಲು 17 ಎಂಬ ಅಂಕಿಯಂತೆ ಕಾಣುತ್ತದೆ. ಅದು ‘ಜೇ’. ಚೀನೀ ಮೂಲದ ಬೌದ್ಧರ ಕಟ್ಟುನಿಟ್ಟಿನ ಆಹಾರ ಕ್ರಮ: ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಚಾತುರ್ಮಾಸ್ಯ ಹಿಡಿಯುವ ನನ್ನ ಅತ್ತಿಗೆಯನ್ನು ಕೂಡ ನಿಶ್ಚಿಂತೆಯಿಂದ ಕರೆದುಕೊಂಡು ಹೋಗಬಹುದಾದ ಜಾಗ. ವರ್ಷಕ್ಕೊಮ್ಮೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಂಬತ್ತು ದಿನ ಜೇ ಹಬ್ಬ ಇರುತ್ತದೆ. ಹೆಚ್ಚಿನ ವರ್ಷ ನಮ್ಮ ನವರಾತ್ರಿಯ ಆಸುಪಾಸಿನಲ್ಲೇ. ಆಗ ಬೀದಿಬೀದಿಗೂ ಹಳದಿ ಬಾವುಟ. ಸಸ್ಯಾಹಾರಿಗಳು ದಿನ ನೋಡಿಕೊಂಡು ಹೋಗುವುದಾದರೆ ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ಇನ್ನೊಂದು ಪದ ‘ಮಂಗ್ಸವಿರತ್’. ಮಾಂಸವಿರತಿ! ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದಿತು. ಇದರಲ್ಲಿ ಮೊಟ್ಟೆ, ಹಾಲು ಇರಬಹುದು. ಆಹಾರಕ್ಕೆ ಅವರು ‘ಆಹಾನ್’ ಎನ್ನುತ್ತಾರೆ, ರುಚಿಗೆ ‘ರೊತ್’, ಅದು ನಮ್ಮ ರಸ. ಭಾನುವಾರ ‘ವನ್ ಆಥಿತ್’, ಆದಿತ್ಯನ ವಾರ. ಮಕ್ಕಳಿಗೆ ತತ್ಸಮ, ತದ್ಭವ ಹೇಳಿಕೊಟ್ಟವಳಿಗೆ ಆ ಸಂತೆಯಲ್ಲಿ ತಿಂಡಿಯಷ್ಟೇ ರುಚಿ ಈ ಮಾತುಗಳದ್ದು.

ಮಾತು ಬಂತಲ್ಲ, ನಾಲ್ಕು ಪದ ಕಲಿತುಕೊಳ್ಳಿ. ‘ಮೈ ಸೈ’ ಅಂದರೆ ಹಾಕಬೇಡಿ. ‘ನಾಮ್ ಪ್ಲಾ’ ಮೀನಿನ ಸಾರ, ‘ಕುಂಗ್’ ಸಿಗಡಿ, ‘ಮೂ’ ಹಂದಿ, ‘ನುವಾ’ ದನದ ಮಾಂಸ. ‘ಕೈ’ ಅಂದರೆ ಕೋಳಿ, ‘ಖೈ’ ಅಂದರೆ ಮೊಟ್ಟೆ. ಇಂಗ್ಲಿಷ್ ಅಕ್ಷರದಲ್ಲಿ ಓದಿ ಕಲಿತವರು ಇವೆರಡನ್ನು ಕಲಸಿಬಿಡುತ್ತಾರೆ. ನಮಗೆ ಅಲ್ಪಪ್ರಾಣ, ಮಹಾಪ್ರಾಣ ಗೊತ್ತು, ಬಾಯಿ ತಿರುಗಿಸಿ ಸರಿಯಾಗಿ ಹೇಳಿ. ಖಾರಕ್ಕೆ ‘ಫೆಟ್’. ಫಲದ ಫ ಇದು, ಕಾಫಿಯ ಫ ಅಲ್ಲ. ‘ಮೈ ಫೆಟ್’ ಎಂದರೆ ಖಾರ ಬೇಡ. ಸಕ್ಕರೆ ಕಡಿಮೆ ಎನ್ನಲು ‘ವಾನ್ ನೋಯ್’, ಎಷ್ಟು ಎಂದು ಕೇಳಲು ‘ಥಾವ್ ರೈ’. ನೆಲಗಡಲೆ ಆಗದವರು ‘ಮೈ ಸೈ ಥುವಾ’ ಎನ್ನುವುದನ್ನು ಮರೆಯಲೇಬಾರದು, ಅಲ್ಲಿ ಪುಡಿ ಕಡಲೆ ಎಲ್ಲದರ ಮೇಲೂ ಬೀಳುತ್ತದೆ. ಮಗಳು ಇದೆಲ್ಲವನ್ನೂ ಥಾಯ್ ಅಕ್ಷರದಲ್ಲಿ ಒಂದು ರಟ್ಟಿನ ಮೇಲೆ ಬರೆಸಿಕೊಟ್ಟಿದ್ದಳು. ಮಾತು ತಡವರಿಸಿದಾಗ ಅದನ್ನು ತೋರಿಸುತ್ತೇನೆ. ನೀವು ಉಳಿದುಕೊಂಡ ಮನೆಯವರನ್ನೋ ಹೋಟೆಲಿನವರನ್ನೋ ಕೇಳಿ ಬರೆಸಿಕೊಳ್ಳಿ.

ಅಂಗಡಿಯವರನ್ನು ಕರೆಯುವ ರೀತಿ ನಮ್ಮದೇ. ತನಗಿಂತ ಸ್ವಲ್ಪ ದೊಡ್ಡವರಾದರೆ ‘ಫೀ’, ಅಕ್ಕ ಅಣ್ಣ ಎರಡಕ್ಕೂ ಸೇರಿ. ಚಿಕ್ಕವರಾದರೆ ‘ನೋಂಗ್’. ವಯಸ್ಸಾದ ಹೆಂಗಸರಿಗೆ ‘ಪಾ’, ದೊಡ್ಡಮ್ಮ ಎಂದ ಹಾಗೆ. ಹೆಂಗಸರು ಮಾತಿನ ಕೊನೆಗೆ ‘ಖಾ’ ಸೇರಿಸಬೇಕು, ಗಂಡಸರು ‘ಖ್ರಪ್’. ಚಿಯಾಂಗ್ ಮಾಯ್ ಕಡೆಯ ಹೆಂಗಸರು ಖಾ ಬದಲು ‘ಜಾವ್’ ಎನ್ನುತ್ತಾರೆ, ರುಚಿಯಾಗಿದೆ ಎನ್ನಲು ಬ್ಯಾಂಕಾಕಿನ ‘ಅರೋಯ್’ ಬದಲು ‘ಲಮ್’. ಖನೋಮ್ ಖ್ರೋಕ್ ಮಾಡುವ ಆ ಮುದುಕಿಗೆ ಒಂದು ಭಾನುವಾರ ‘ಲಮ್ ತೇ ತೇ ಜಾವ್’ ಎಂದೆ, ತುಂಬಾ ರುಚಿ ಎಂದು. ಆಕೆ ಸೌಟು ಕೆಳಗಿಟ್ಟು, ಪಕ್ಕದಂಗಡಿಯವಳನ್ನು ಕೂಗಿ ಕರೆದು, ಇನ್ನೊಮ್ಮೆ ಹೇಳು ಎಂದು ಹೇಳಿಸಿದಳು. ಆಮೇಲೆ ನಾನು ಹೋದಾಗಲೆಲ್ಲ ಒಂದು ಜೋಡಿ ಹೆಚ್ಚಿಗೆ ಬೀಳುತ್ತಿತ್ತು.

ಕುಡಿಯಲು ಕಿತ್ತಳೆ ಬಣ್ಣದ ಚಹಾ ಎಲ್ಲರಿಗೂ ಗೊತ್ತು. ಅದಕ್ಕಿಂತ ಮೊದಲು ಹಸಿರು ನೀರು ಕೇಳಿ: ‘ನಾಮ್ ಬೈ ಬುವಾ ಬೋಕ್’. ನಮ್ಮ ಒಂದೆಲಗ. ನಾವು ಮಜ್ಜಿಗೆ ಹಾಕಿ ತಂಬುಳಿ ಮಾಡುವುದನ್ನು ಅವರು ರಸ ತೆಗೆದು ಸಿಹಿ ಮಾಡಿ ಕುಡಿಯುತ್ತಾರೆ. ಬಿಲ್ವದ ಕಾಯಿಯನ್ನು ಬಿಲ್ಲೆ ಮಾಡಿ ಒಣಗಿಸಿ ಕುದಿಸಿದ್ದು ‘ನಾಮ್ ಮತೂಮ್’. ಶಂಖಪುಷ್ಪದ ನೀಲಿ ನೀರಿಗೆ ನಿಂಬೆ ಹಿಂಡಿದರೆ ಕಣ್ಣೆದುರೇ ನೇರಳೆಯಾಗುತ್ತದೆ. ಮಕ್ಕಳಿದ್ದರೆ ಇದನ್ನೇ ಕೊಡಿಸಿ. ನಲ್ಲಿ ನೀರು ಕುಡಿಯಬೇಡಿ. ಐಸು ನಡುವೆ ತೂತಿರುವ ಕೊಳವೆಯಂಥದ್ದಾದರೆ ಕಾರ್ಖಾನೆಯಿಂದ ಬಂದದ್ದು, ನಾನು ಅದನ್ನಷ್ಟೇ ಹಾಕಿಸಿಕೊಳ್ಳುತ್ತೇನೆ.

ಮಾಂಸಾಹಾರಿಗಳ ವಿಷಯವನ್ನು ಅಳಿಯನ ಬಾಯಲ್ಲಿ ಕೇಳಿದಂತೆ ಹೇಳುತ್ತೇನೆ. ಅವರು ಕುಂದಾಪುರದವರು, ಮೀನು ಬಲ್ಲವರು. ಹೊಟ್ಟೆಯೊಳಗೆ ಮಜ್ಜಿಗೆಹುಲ್ಲು ತುರುಕಿ, ಮೈಗೆಲ್ಲ ಕಲ್ಲುಪ್ಪು ಮೆತ್ತಿ ಕೆಂಡದ ಮೇಲೆ ಸುಡುವ ಇಡೀ ಮೀನು ‘ಪ್ಲಾ ಫಾವ್’ ಅವರ ಪಾಲಿನ ಸಂತೆ. ಚರ್ಮವನ್ನು ಉಪ್ಪಿನ ಸಮೇತ ಸುಲಿದು ತೆಗೆದು ಒಳಗಿನದ್ದನ್ನು ತಿನ್ನಬೇಕು, ಉಪ್ಪು ಹೆಚ್ಚಾಯಿತೆನ್ನುವವರು ಚರ್ಮ ತಿಂದವರು ಎನ್ನುತ್ತಾರೆ. ‘ಖಾವ್ ಸೋಯ್’ ಎಂಬುದು ಕಾಯಿಹಾಲಿನ ಸಾರಿನಲ್ಲಿ ಮೆತ್ತನೆ ಶಾವಿಗೆ, ಮೇಲೆ ಕರಿದ ಶಾವಿಗೆ. ಪಕ್ಕದಲ್ಲಿ ಕೊಡುವ ಉಪ್ಪಿನ ಸೊಪ್ಪು, ಹಸಿ ಈರುಳ್ಳಿ, ನಿಂಬೆ ಸೇರಿಸಿದ ಮೇಲೆಯೇ ಅದಕ್ಕೆ ರುಚಿ. ಕೋಳಿ, ದನ ಎರಡರಲ್ಲೂ ಮಾಡುತ್ತಾರೆ, ಕೇಳಿಕೊಳ್ಳಿ. ಸುರುಳಿ ಸುತ್ತಿಟ್ಟ ‘ಸೈ ಉವಾ’ ಎಂಬ ಸಾಸೇಜು ಹಂದಿಯದ್ದು. ಕಡ್ಡಿಗೆ ಚುಚ್ಚಿದ ಮಾಂಸದ ಉಂಡೆಗಳು ಯಾವುದರವು ಎಂದು ನೋಡಿದರೆ ತಿಳಿಯುವುದಿಲ್ಲ. ಹಂದಿ ತಿನ್ನದವರಿಗೆ ಹಲಾಲ್ ಗುರುತಿನ ಅಂಗಡಿಗಳೇ ಸುಲಭ. ಒಂದು ಸಲ ಬಾಣಲೆಯಿಂದ ತುಳಸಿಯ ಪರಿಮಳ ಬಂತೆಂದು ಹತ್ತಿರ ಹೋದೆ. ಕೋಳಿ ಮಾಂಸದ ಜೊತೆ ಹುರಿಯುತ್ತಿದ್ದುದು ನಿಜಕ್ಕೂ ತುಳಸಿಯೇ, ನಮ್ಮ ಕಟ್ಟೆಯದ್ದೇ ಜಾತಿ. ಒಂದು ಕ್ಷಣ ಎದೆ ಧಸಕ್ಕೆಂದಿತು. ಅವರಿಗೆ ಅದು ಅಡುಗೆಯ ಸೊಪ್ಪು, ನಮ್ಮ ಕೊತ್ತಂಬರಿಯ ಹಾಗೆ. ಹಾಗೆ ಒಪ್ಪಿಕೊಂಡು ಮುಂದೆ ನಡೆದೆ.

ತಿನ್ನುವ ಕ್ರಮದ ಬಗ್ಗೆ ಇಷ್ಟು. ಎಷ್ಟೇ ಜನ ಇರಿ, ಒಂದು ಬಗೆಗೆ ಒಂದೇ ಪೊಟ್ಟಣ ಕೊಂಡು ಹಂಚಿಕೊಳ್ಳಿ. ಇಲ್ಲದಿದ್ದರೆ ಮೂರನೆಯ ಅಂಗಡಿಗೇ ಹೊಟ್ಟೆ ತುಂಬುತ್ತದೆ. ಅಲ್ಲಿ ಚಮಚ ಬಲಗೈಗೆ, ಫೋರ್ಕ್ ಇರುವುದು ಚಮಚಕ್ಕೆ ನೂಕಲು. ಅಂಟನ್ನವನ್ನು ಮಾತ್ರ ಕೈಯಲ್ಲೇ ಉಂಡೆ ಮಾಡಿ ತಿನ್ನುತ್ತಾರೆ, ಅದರಲ್ಲಿ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ತಿಂಡಿಗೆ ಚೌಕಾಸಿ ಮಾಡಬೇಡಿ, ಹತ್ತು ಬಾತ್‌ಗೋಸ್ಕರ ಒಲೆಯ ಮುಂದೆ ಬೇಯುವವರ ಹತ್ತಿರ ಎಳೆದಾಡುವುದು ಚಂದವಲ್ಲ. ಚಿಲ್ಲರೆ ಇಟ್ಟುಕೊಳ್ಳಿ: ಹಸಿರು 20, ಕೆಂಪು 100. ಸಾವಿರದ ನೋಟನ್ನು ಸಂತೆಗೆ ಬರುವ ಮುಂಚೆ ಸೆವೆನ್ ಇಲೆವೆನ್ ಅಂಗಡಿಯಲ್ಲಿ ನೀರು ಕೊಂಡು ಮುರಿಸಿ. ನೋಟು ಕೆಳಗೆ ಬಿದ್ದರೆ ಕಾಲಲ್ಲಿ ಒತ್ತಿ ಹಿಡಿಯಬೇಡಿ, ಅದರ ಮೇಲೆ ಅವರ ದೊರೆಯ ಚಿತ್ರವಿದೆ. ಕಸದ ಬುಟ್ಟಿ ಕಾಣದಿದ್ದರೆ ಕಡ್ಡಿ, ದೊನ್ನೆಯನ್ನು ಕೊಂಡ ಅಂಗಡಿಗೇ ಮರಳಿಸಿ, ತೆಗೆದುಕೊಳ್ಳುತ್ತಾರೆ. ಕೂತಿರುವುದು ದೇವಾಲಯದ ಅಂಗಳ ಎಂಬುದು ನೆನಪಿರಲಿ: ಮೈ ಮುಚ್ಚುವ ಬಟ್ಟೆ ಇರಲಿ, ಬುದ್ಧನ ಕಡೆ ಕಾಲು ಚಾಚಬೇಡಿ.

ಹೊಟ್ಟೆಯ ಭಯ ಇರುವವರಿಗೆ: ಕಣ್ಣೆದುರು ಬೆಂದದ್ದನ್ನು, ಜನ ಸಾಲುಗಟ್ಟಿದ ಕಡೆ ತಿನ್ನಿ. ಹೆಚ್ಚಿಟ್ಟು ಹೊತ್ತಾದ ಹಣ್ಣು, ಆರಿಹೋದ ಕರಿದ ತಿಂಡಿ ಬೇಡ. ನನ್ನ ಚೀಲದಲ್ಲಿ ಒಆರ್‌ಎಸ್ ಪೊಟ್ಟಣ ಇದ್ದೇ ಇರುತ್ತದೆ, ಇದುವರೆಗೆ ಒಡೆಯುವ ಪ್ರಸಂಗ ಬಂದಿಲ್ಲ.

ಹೊರಡುವಾಗ ಕೈಯಲ್ಲಿ ಒಂದು ‘ಖಾವ್ ಲಾಮ್’ ಇರಲಿ. ಬಿದಿರಿನ ಅಂಡೆಯೊಳಗೆ ಅಂಟಕ್ಕಿ, ಕಾಯಿಹಾಲು, ಸಕ್ಕರೆ, ಕಪ್ಪು ಕಾಳು ತುಂಬಿ ಬೆಂಕಿಯಲ್ಲಿ ಸುಟ್ಟದ್ದು. ಮಾರುವವರೇ ಹೊರಗಿನ ಗಟ್ಟಿ ಸಿಪ್ಪೆಯನ್ನು ಕೆತ್ತಿ ತೆಳು ಮಾಡಿಟ್ಟಿರುತ್ತಾರೆ. ಅದನ್ನು ಅಲ್ಲಿ ತಿನ್ನಬೇಡಿ. ಕೆಂಪು ಸೋಂಗ್ಥೆವ್ (ಹಿಂದೆ ಎರಡು ಸಾಲು ಸೀಟಿನ ಬಾಡಿಗೆ ಗಾಡಿ) ಹತ್ತಿ ಮನೆಗೆ ತಂದು, ಸೋಮವಾರ ಬೆಳಿಗ್ಗೆ ಚಹಾಕ್ಕೆ ನೀರಿಟ್ಟು, ಬಾಳೆಹಣ್ಣು ಸುಲಿದ ಹಾಗೆ ಬಿದಿರನ್ನು ಮೇಲಿಂದ ಕೆಳಕ್ಕೆ ಸುಲಿಯಿರಿ. ಅನ್ನಕ್ಕೆ ಅಂಟಿಕೊಂಡಿರುವ ಬಿದಿರಿನ ತೆಳ್ಳನೆ ಪೊರೆಯನ್ನು ತೆಗೆಯಬೇಡಿ, ಪರಿಮಳ ಇರುವುದು ಅದರಲ್ಲೇ.